ಕೆನ್ಯಾದ ಎತ್ತರನಾಡು: ವಸಾಹತು ಭೂಕಾಯಿದೆಗಳ ದೀರ್ಘಾಯುಷ್ಯ

ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದವರೆಗೆ 1896ರಿಂದ 1901ರ ಅವಧಿಯಲ್ಲಿ ಬ್ರಿಟಿಷರು ಹಾಕಿಸಿದ ರೈಲುಮಾರ್ಗಕ್ಕೆ 50 ಲಕ್ಷ ಪೌಂಡಿಗೂ ಮಿಕ್ಕಿ ಹಣ ಖರ್ಚಾಗಿತ್ತು. ಅದರ ಕೆಲಸಕ್ಕೆ ಭಾರತದಿಂದ, ಅದರಲ್ಲೂ ಹೆಚ್ಚಾಗಿ ಪಂಜಾಬಿನಿಂದ, 30,000ಕ್ಕೂ ಹೆಚ್ಚು ಕೂಲಿಗಳನ್ನು ಕರೆದೊಯ್ಯಲಾಗಿತ್ತು, ಅವರಲ್ಲಿ ಸುಮಾರು 2,500 ಮಂದಿ ಅಲ್ಲಿಯೇ ಸತ್ತರು. ಹಳಿ ಹಾಕಿಯಾದ ಮೇಲೆ ಅದರ ಮೇಲೆ ಸಾಗಿಸಲು ಸರಕು ಬೇಕಾಯಿತು. ಪೂರ್ವ ಆಫ್ರಿಕಾ ಸಂರಕ್ಷಿತ ಪ್ರಾಂತ್ಯದ, ಅಂದರೆ ಇಂದಿನ ಕೆನ್ಯಾದ, ಕಮಿಷನರಾಗಿದ್ದ ಸರ್ ಚಾರ್ಲ್ಸ್ ಎಲಿಯಟ್, ತಂಪು ಹವೆಯ ಎತ್ತರದ ಭೂಮಿಗೆ ಬಿಳಿಯ ಒಕ್ಕಲಿಗರನ್ನು ತಂದು ನೆಲೆಗೊಳಿಸಿದರೆ ರೈಲಿಗೂ ಖಜಾನೆಗೂ ಆದಾಯ ಹುಟ್ಟುತ್ತದೆಂದು ಲೆಕ್ಕ ಹಾಕಿದನು. ಕೆನ್ಯಾದ ಮುಂದಿನ ನೂರು ವರ್ಷಗಳ ಭೂವಿವಾದಗಳು ಬಹುಮಟ್ಟಿಗೆ ಈ ಲೆಕ್ಕದಿಂದಲೇ ಹೊರಟವು.

ಆ ಭೂಮಿ ಖಾಲಿ ಇದೆ ಎಂಬ ನಂಬಿಕೆಗೆ ಒಂದು ಅರೆಸತ್ಯದ ಆಧಾರವಿತ್ತು. 1890ರ ದಶಕದಲ್ಲಿ ರಿಂಡರ್‌ಪೆಸ್ಟ್ ಎಂಬ ಜಾನುವಾರು ಪಿಡುಗು ದನಗಳ ಹಿಂಡುಗಳನ್ನು ಒರೆಸಿಹಾಕಿತ್ತು; ಅದರ ಹಿಂದೆಯೇ ಬಂದ ಬರ ಮತ್ತು ಸಿಡುಬಿನಿಂದ ನೈರೋಬಿಯ ಆಸುಪಾಸಿನ ಕಿಕುಯು ಜನರು ಅನೇಕ ಹೊಲಗಳನ್ನು ಬಿಟ್ಟು ಉತ್ತರದ ಬಂಧುಗಳ ಬಳಿಗೆ ಹೋಗಿದ್ದರು. ಅವರು ಹೋದದ್ದು ಮರಳಿ ಬರುವ ಉದ್ದೇಶದಿಂದಲೇ. ಕಿಕುಯು ಪದ್ಧತಿಯಲ್ಲಿ ಜಮೀನು ‘ಮ್ಬಾರಿ’ ಎಂಬ ಕುಲಶಾಖೆಗೆ ಸೇರಿದ್ದು, ಕಾಡು ಕಡಿದು ನೆಲ ಹಸನು ಮಾಡಿದ ಮೂಲಪುರುಷನ ಸಂತತಿಗೆ ಅದರ ಮೇಲೆ ಹಕ್ಕಿರುತ್ತಿತ್ತು. ‘ಅಹೋಯಿ’ ಎಂದು ಕರೆಯಲ್ಪಡುತ್ತಿದ್ದ ಆಶ್ರಿತ ಒಕ್ಕಲುಗಳು ಆ ಕುಲದ ಒಪ್ಪಿಗೆ ಪಡೆದು ಉಳುತ್ತಿದ್ದರು. ಉಳುಮೆ ನಿಂತ ಮಾತ್ರಕ್ಕೆ ಹಕ್ಕು ಅಳಿಯುತ್ತಿರಲಿಲ್ಲ. ಇದನ್ನು ಕಾಣದ, ಅಥವಾ ಕಾಣಬಯಸದ, ಆಡಳಿತವು 1902ರ ರಾಜಸ್ವಾಮ್ಯ ಭೂಮಿ ಕಾಯಿದೆಯ ಮೂಲಕ ಅಂಥ ನೆಲವನ್ನು ಬ್ರಿಟಿಷ್ ದೊರೆಯ ಸ್ವತ್ತೆಂದು ಭಾವಿಸಿ ಬಿಳಿಯರಿಗೆ ಮಾರಲು, 99 ವರ್ಷಗಳ ಗುತ್ತಿಗೆಗೆ ಕೊಡಲು ತೊಡಗಿತು. 1915ರ ಕಾಯಿದೆ ಗುತ್ತಿಗೆಯ ಅವಧಿಯನ್ನು 999 ವರ್ಷಗಳಿಗೆ ಏರಿಸಿದ್ದಲ್ಲದೆ, ಆಫ್ರಿಕನ್ನರು ವಾಸವಾಗಿದ್ದ ಭೂಮಿಯನ್ನೂ ದೊರೆಯ ಸ್ವತ್ತಿನ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿತು.

ಈ ಕಾನೂನಿನ ನಿಜವಾದ ಸ್ವಭಾವ ಎರಡು ನ್ಯಾಯಾಲಯ ತೀರ್ಪುಗಳಲ್ಲಿ ಬಯಲಾಗುತ್ತದೆ. 1904ರ ಒಪ್ಪಂದದಂತೆ ಮಸಾಯಿ ಪಶುಪಾಲಕರು ರಿಫ್ಟ್ ಕಣಿವೆಯ ಹುಲ್ಲುಗಾವಲನ್ನು ಬಿಟ್ಟು ಉತ್ತರದ ಲೈಕಿಪಿಯಾಕ್ಕೂ ದಕ್ಷಿಣದ ಇನ್ನೊಂದು ಮೀಸಲು ಪ್ರದೇಶಕ್ಕೂ ಸರಿದಿದ್ದರು. ಮಸಾಯಿ ಕುಲ ಇರುವವರೆಗೂ ಆ ನೆಲ ಅವರದೇ ಎಂಬ ಭರವಸೆ ಅದರಲ್ಲಿತ್ತು. ಏಳೇ ವರ್ಷಗಳಲ್ಲಿ, 1911ರ ಮತ್ತೊಂದು ಒಪ್ಪಂದದ ಮೂಲಕ ಲೈಕಿಪಿಯಾದಿಂದಲೂ ಅವರನ್ನು ಎಬ್ಬಿಸಲಾಯಿತು. ಮಸಾಯಿಗಳು 1913ರಲ್ಲಿ ನ್ಯಾಯಾಲಯದ ಮೊರೆಹೋದಾಗ, ಸಂರಕ್ಷಿತ ಪ್ರಾಂತ್ಯವು ಬ್ರಿಟಿಷ್ ರಾಜ್ಯದ ಭಾಗವಲ್ಲ, ಮಸಾಯಿಗಳು ಬ್ರಿಟಿಷ್ ಪ್ರಜೆಗಳಲ್ಲ, ಎರಡು ರಾಜ್ಯಶಕ್ತಿಗಳ ನಡುವಿನ ಒಡಂಬಡಿಕೆಯನ್ನು ನ್ಯಾಯಾಲಯ ವಿಚಾರಿಸಲಾರದು ಎಂದು ದಾವೆಯನ್ನು ತಳ್ಳಿಹಾಕಲಾಯಿತು. 1920ರಲ್ಲಿ ಕೆನ್ಯಾ ವಿಧಿವತ್ತಾಗಿ ವಸಾಹತಾಯಿತು, ಅಲ್ಲಿನ ಜನ ಪ್ರಜೆಗಳಾದರು. ಮರುವರ್ಷವೇ ಕಿಕುಯುಗಳ ನಡುವಿನ ವ್ಯಾಜ್ಯವೊಂದರಲ್ಲಿ ಮುಖ್ಯ ನ್ಯಾಯಾಧೀಶನು, ಈಗ ಎಲ್ಲ ಭೂಮಿಯೂ ದೊರೆಯದೇ ಆಗಿರುವುದರಿಂದ ಆಫ್ರಿಕನ್ನರಿಗೆ ಸ್ವಂತದ ಹಕ್ಕಿಲ್ಲ, ಅವರು ದೊರೆಯ ಇಚ್ಛೆ ಇರುವಷ್ಟು ದಿನ ಇರಬಹುದಾದ ಗೇಣಿದಾರರು ಮಾತ್ರ ಎಂದು ತೀರ್ಮಾನಿಸಿದನು. ಪರಕೀಯರಾದುದರಿಂದ ದೂರು ಕೊಡುವಂತಿಲ್ಲ, ಪ್ರಜೆಗಳಾದುದರಿಂದ ನೆಲದ ಮೇಲೆ ಹಕ್ಕಿಲ್ಲ: ಎರಡೂ ವಾದಗಳು ಒಂದೇ ದಶಕದೊಳಗೆ, ಒಂದೇ ಆಡಳಿತಕ್ಕೆ ಒದಗಿಬಂದವು.

ನೆಲ ಸಿಕ್ಕರೆ ಸಾಲದು, ದುಡಿಯುವ ಕೈಗಳೂ ಬೇಕಿದ್ದವು. ಗುಡಿಸಲಿಗೆ ಇಷ್ಟೆಂದು ಹೇರಿದ ತೆರಿಗೆಯನ್ನು ನಗದಾಗಿ, ಅದೂ 1920ರವರೆಗೆ ಅಲ್ಲಿ ಚಲಾವಣೆಯಲ್ಲಿದ್ದ ಭಾರತದ ರೂಪಾಯಿಯಲ್ಲಿ, ಕಟ್ಟಬೇಕಾಗಿದ್ದುದರಿಂದ ಜನ ಕೂಲಿಗೆ ಹೊರಡಲೇಬೇಕಾಯಿತು. ಹೊರಟವರ ಕೊರಳಿಗೆ ‘ಕಿಪಾಂಡೆ’ ಬಿತ್ತು. ಹದಿನಾರು ದಾಟಿದ ಪ್ರತಿಯೊಬ್ಬ ಆಫ್ರಿಕನ್ ಗಂಡಸಿನ ಬೆರಳಚ್ಚು ಮತ್ತು ಕೆಲಸದ ವಿವರಗಳಿದ್ದ ಈ ಪತ್ರವನ್ನು ಲೋಹದ ಡಬ್ಬಿಯಲ್ಲಿಟ್ಟು ತೂಗುಹಾಕಿಕೊಳ್ಳುತ್ತಿದ್ದರು. ಅದರ ವಿರುದ್ಧ ಸಂಘಟನೆ ಕಟ್ಟಿದ ಹ್ಯಾರಿ ಥೂಕುವನ್ನು 1922ರಲ್ಲಿ ಬಂಧಿಸಿದಾಗ ನೈರೋಬಿಯಲ್ಲಿ ನೆರೆದ ಗುಂಪಿನ ಮೇಲೆ ಗುಂಡು ಹಾರಿತು. ಭಾರತದಿಂದ ಹೋದದ್ದು ರೂಪಾಯಿಯೊಂದೇ ಅಲ್ಲ, ಭಾರತೀಯ ದಂಡ ಸಂಹಿತೆಯೂ 1930ರವರೆಗೆ ಅಲ್ಲಿ ಜಾರಿಯಲ್ಲಿತ್ತು. ಆದರೆ ರೈಲು ಕಟ್ಟಿದ ಭಾರತೀಯರಿಗೆ ಎತ್ತರನಾಡಿನಲ್ಲಿ ಜಮೀನು ಕೊಳ್ಳುವ ಅವಕಾಶವಿರಲಿಲ್ಲ, ಬ್ರಿಟಿಷ್ ಸರಕಾರದ 1923ರ ಡೆವನ್‌ಷೈರ್ ಶ್ವೇತಪತ್ರವು ಆ ನಿರ್ಬಂಧವನ್ನು ಎತ್ತಿಹಿಡಿಯಿತು.

ನೆಲ ಕಳೆದುಕೊಂಡ ಕಿಕುಯುಗಳ ಅಸಮಾಧಾನ ಕೊನೆಗೆ ದಂಗೆಯಾಯಿತು. 1952ರಲ್ಲಿ ಮಾವ್ ಮಾವ್ ಎಂಬ ಈ ದಂಗೆಯ ಕಾರಣಕ್ಕೆ ತುರ್ತುಸ್ಥಿತಿ ಘೋಷಿತವಾಗಿ, ಸಾವಿರಕ್ಕೂ ಹೆಚ್ಚು ಮಂದಿ ಗಲ್ಲಿಗೇರಿದರು. ಹತ್ತು ಲಕ್ಷದಷ್ಟು ಕಿಕುಯು ಜನರನ್ನು ಕಾವಲಿನ ಹಳ್ಳಿಗಳಿಗೆ ಅಟ್ಟಲಾಯಿತು. ದಮನದಷ್ಟು ಸದ್ದು ಮಾಡದಿದ್ದರೂ ಅದಕ್ಕಿಂತ ಹೆಚ್ಚು ಕಾಲ ಬಾಳಿದ್ದು 1954ರ ಸ್ವಿನರ್ಟನ್ ಯೋಜನೆ. ಚದುರಿದ ತುಂಡು ಹಿಡುವಳಿಗಳನ್ನು ಒಗ್ಗೂಡಿಸಿ ವ್ಯಕ್ತಿಯ ಹೆಸರಿಗೆ ಹಕ್ಕುಪತ್ರ ನೀಡುವುದು, ಅದರಿಂದ ಉಳ್ಳವರು ಮತ್ತು ನೆಲವಿಲ್ಲದವರು ಎಂಬ ಎರಡು ವರ್ಗಗಳು ಮೂಡುವುದನ್ನು ಸಹಜವೆಂದೇ ಒಪ್ಪಿಕೊಳ್ಳುವುದು ಅದರ ನೀತಿಯಾಗಿತ್ತು. ಅಳತೆ ನಡೆದಾಗ ಅನೇಕರು ಸೆರೆಶಿಬಿರದಲ್ಲಿದ್ದರು. ಸರಕಾರದ ಪಕ್ಷದಲ್ಲಿದ್ದವರು ಊರಿನಲ್ಲಿದ್ದು ಒಳ್ಳೆಯ ಹೊಲಗಳನ್ನು ಬರೆಸಿಕೊಂಡರು. ಕುಲದ ಒಪ್ಪಿಗೆಯಿಂದ ಉಳುತ್ತಿದ್ದ ಅಹೋಯಿಗಳಿಗೆ ಈ ದಾಖಲೆಯಲ್ಲಿ ಎಡೆಯೇ ಇರಲಿಲ್ಲ.

1963ರಲ್ಲಿ ಬಂದ ಸ್ವಾತಂತ್ರ್ಯವು ಈ ಕಾಗದವನ್ನು ಹರಿಯಲಿಲ್ಲ. ಬಿಳಿಯರ ಜಮೀನನ್ನು ಪೇಟೆಯ ಬೆಲೆಗೆ ಕೊಂಡು ಹಂಚುವ ಹತ್ತು ಲಕ್ಷ ಎಕರೆಯ ಯೋಜನೆಗೆ ಬ್ರಿಟನ್ ಮತ್ತು ವಿಶ್ವಬ್ಯಾಂಕಿನಿಂದ ಸಾಲ ತರಲಾಯಿತು. ಕಳೆದುಕೊಂಡವರೇ ದುಡ್ಡು ಕೊಟ್ಟು ಮರಳಿ ಪಡೆಯಬೇಕಾಯಿತು. ದೊಡ್ಡ ತೋಟಗಳಲ್ಲಿ ಹಲವು ಒಡೆಯದೆಯೇ ಹೊಸ ಮಂತ್ರಿಗಳ, ಅಧಿಕಾರಿಗಳ ಕೈಸೇರಿದವು. ಹೊಸ ರಾಜ್ಯದ ಮುಖಂಡರು ಹಳೆಯ ಕಾನೂನನ್ನು ಉಳಿಸಿಕೊಂಡದ್ದು ಕೇವಲ ಅನಿವಾರ್ಯತೆಯಿಂದಲ್ಲ, ಅದು ಅವರಿಗೂ ಲಾಭದ್ದಾಗಿತ್ತು. ಇನ್ನೊಂದೆಡೆ, ರಿಫ್ಟ್ ಕಣಿವೆಯಲ್ಲಿ ಹಣ ಕೊಟ್ಟು ನೆಲೆಸಿದ ಕಿಕುಯುಗಳನ್ನು, ಆ ನೆಲ ವಸಾಹತಿಗಿಂತ ಮೊದಲು ತಮ್ಮದಾಗಿತ್ತೆನ್ನುವ ಕಲೆಂಜಿನ್ ಮತ್ತು ಮಸಾಯಿ ಜನ ಅನ್ಯರೆಂದೇ ಬಗೆದರು. ಜನಾಂಗಕ್ಕೊಂದು ಮೀಸಲು ಪ್ರದೇಶವೆಂದು ಬ್ರಿಟಿಷರು ಎಳೆದ ಗೆರೆಗಳು ಈ ಭಾವನೆಗೆ ಭೂಪಟ ಒದಗಿಸಿದ್ದವು. 2007ರ ಕೊನೆಯಲ್ಲಿ ನಡೆದ ಚುನಾವಣೆಯ ಬಳಿಕ ಸಾವಿರಕ್ಕೂ ಹೆಚ್ಚು ಜನ ಹತರಾಗಿ ಲಕ್ಷಾಂತರ ಮಂದಿ ಮನೆ ತೊರೆದಾಗ ಹೊತ್ತಿಕೊಂಡದ್ದು ಈ ಹಗೆಯೇ. ಮತಗಳ ಎಣಿಕೆ ಅದಕ್ಕೆ ನೆಪವಾಯಿತು.

2013ರಲ್ಲಿ ಬ್ರಿಟಿಷ್ ಸರಕಾರ ತುರ್ತುಸ್ಥಿತಿಯ ಕಾಲದ ಹಿಂಸೆಗೆ ಒಳಗಾದ 5,228 ಮಂದಿಗೆ ಸುಮಾರು 2 ಕೋಟಿ ಪೌಂಡ್ ಪರಿಹಾರಕ್ಕೆ ಒಪ್ಪಿತು, ಆದರೆ ಆ ಪರಿಹಾರ ದೇಹದ ಮೇಲಿನ ಹಿಂಸೆಗೆ, ನೆಲಕ್ಕಲ್ಲ. ಅದಕ್ಕೆ ಮೂರು ವರ್ಷ ಮೊದಲು, 2010ರ ಕೆನ್ಯಾ ಸಂವಿಧಾನವು ವಿದೇಶಿಯರ ವಶದಲ್ಲಿದ್ದ 999 ವರ್ಷಗಳ ಗುತ್ತಿಗೆಗಳನ್ನು 99 ವರ್ಷಗಳಿಗೆ ಇಳಿಸಿತ್ತು. ಲೈಕಿಪಿಯಾದ ಜಾನುವಾರು ತೋಟಗಳಿಗೂ ಕೆರಿಚೊದ ಚಹಾ ತೋಟಗಳಿಗೂ ಅನ್ವಯಿಸುವ ಈ ಹೊಸ ಅವಧಿಯನ್ನು ಸಂವಿಧಾನ ಜಾರಿಯಾದ ದಿನದಿಂದ ಎಣಿಸಿದರೆ ಅದು 2109ರವರೆಗೆ ನಡೆಯುತ್ತದೆ.