ಶ್ರೈವ್, ಶಿಯರ್, ಚರ್ಚಿಂಗ್: ಹಳೆಯ ಇಂಗ್ಲಿಷಿನ ಶುದ್ಧಿಯ ಪದಗಳು

ಹಳೆಯ ಇಂಗ್ಲಿಷ್ ಬೈಬಲ್ ಅನುವಾದಗಳನ್ನೂ ಪೂಜಾವಿಧಿಯ ಪುಸ್ತಕಗಳನ್ನೂ ಓದುವವರಿಗೆ ಕೆಲವು ಪದಗಳು ತೊಡಕಾಗುತ್ತವೆ. ನಿಘಂಟು 'ಶುದ್ಧಿಮಾಡು' ಎಂದಷ್ಟೇ ಹೇಳಿ ಮುಗಿಸುತ್ತದೆ. ಆದರೆ ಆತ್ಮ, ಗಾಯ, ಬಟ್ಟೆ, ಕಕ್ಕಸುಗುಂಡಿ ಇವುಗಳ ಶುದ್ಧಿಗೆ ಇಂಗ್ಲಿಷಿನಲ್ಲಿ ಬೇರೆಬೇರೆ ಪದಗಳಿದ್ದವು. ಅವುಗಳಲ್ಲಿ ಕೆಲವನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ.

ಮೊದಲನೆಯದು 'ಶ್ರೈವ್'. ಪಾಪನಿವೇದನೆ ಕೇಳಿ, ಪ್ರಾಯಶ್ಚಿತ್ತ ವಿಧಿಸಿ, ಕ್ಷಮೆ ನೀಡುವುದು ಎಂದು ಇದರ ಅರ್ಥ. ಮೂಲ 'ಬರೆ' ಎನ್ನುವ ಲತೀನ್ ಕ್ರಿಯಾಪದ. ಗುರುಗಳು ಪ್ರಾಯಶ್ಚಿತ್ತವನ್ನು ಗೊತ್ತುಪಡಿಸುತ್ತಿದ್ದುದರಿಂದ ಈ ಅರ್ಥ ಬಂತು. ಬೂದಿ ಬುಧವಾರದ ಹಿಂದಿನ ದಿನವನ್ನು ಇಂಗ್ಲಿಷರು ಇಂದಿಗೂ 'ಶ್ರೋವ್ ಟ್ಯೂಸ್‌ಡೇ' ಎನ್ನುತ್ತಾರೆ. ತಪಸ್ಸುಕಾಲಕ್ಕೆ ಮುನ್ನ ಪಾಪನಿವೇದನೆ ಮಾಡುವ ದಿನವದು. ಮನೆಯಲ್ಲಿ ಉಳಿದ ಮೊಟ್ಟೆ, ಬೆಣ್ಣೆ, ಹಾಲು ಮುಗಿಸಲು ಮಾಡುತ್ತಿದ್ದ ಪ್ಯಾನ್‌ಕೇಕ್ ಇಂದಿಗೂ ಉಳಿದಿದೆ, ಪಾಪನಿವೇದನೆಯ ನೆನಪು ಅಷ್ಟಾಗಿ ಉಳಿದಿಲ್ಲ!

ಇದರ ನಾಮಪದ 'ಶ್ರಿಫ್ಟ್'. ಪತ್ರಿಕೆಗಳಲ್ಲಿ 'ಶಾರ್ಟ್ ಶ್ರಿಫ್ಟ್' ಎಂದರೆ ಈಗ ಅಲಕ್ಷ್ಯ ಮಾಡುವುದು ಎಂದಷ್ಟೇ ಅರ್ಥ. ಹಿಂದೆ ಅದು ಮರಣದಂಡನೆಗೆ ಗುರಿಯಾದವನಿಗೆ ಪಾಪನಿವೇದನೆಗಾಗಿ ಕೊಡುತ್ತಿದ್ದ ಕೆಲವೇ ನಿಮಿಷಗಳ ಅವಧಿ. ಶೇಕ್ಸ್‌ಪಿಯರನ 'ಮೂರನೆಯ ರಿಚರ್ಡ್' ನಾಟಕದಲ್ಲಿ ಹೇಸ್ಟಿಂಗ್ಸ್ ಪ್ರಭುವಿಗೆ ಅದನ್ನು ಬೇಗ ಮುಗಿಸುವಂತೆ ಹೇಳಲಾಗುತ್ತದೆ; ರಿಚರ್ಡನಿಗೆ ಊಟದ ಹೊತ್ತಾಗಿರುತ್ತದೆ. ಒಬ್ಬನ ಆತ್ಮದ ಕೊನೆಯ ಅವಕಾಶಕ್ಕಿಂತ ಇನ್ನೊಬ್ಬನ ಊಟ ದೊಡ್ಡದಾದ ಆ ಕ್ರೌರ್ಯ ಇಂದಿನ ಬಳಕೆಯಲ್ಲಿ ಕಾಣುವುದೇ ಇಲ್ಲ.

ಪವಿತ್ರ ಗುರುವಾರಕ್ಕೂ 'ಶಿಯರ್ ಥರ್ಸ್‌ಡೇ' ಎಂಬ ಹೆಸರಿತ್ತು. 'ಶಿಯರ್' ಎಂದರೆ ನಿರ್ಮಲ. ಆತ್ಮದ ಶುದ್ಧಿಯ ಜೊತೆಗೆ, ಅಂದು ಬಲಿಪೀಠಗಳನ್ನು ತೊಳೆಯುತ್ತಿದ್ದ ಪದ್ಧತಿಯನ್ನೂ ಈ ಹೆಸರಿಗೆ ಸಂಬಂಧಿಸುತ್ತಾರೆ. ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಇದರ ಸೋದರ ಪದಗಳು ಇಂದಿಗೂ ಬಳಕೆಯಲ್ಲಿವೆ.

'ಮಂಡಿಫೈ' ಎಂದರೆ ಗಾಯದ ಕೀವು ತೆಗೆದು ಶುಚಿಮಾಡುವುದು. ಹಳೆಯ ಶಸ್ತ್ರವೈದ್ಯರ ಪದ. ಬೇಸಾಯಕ್ಕೆ ಸಂಬಂಧವಿಲ್ಲದ ಇನ್ನೊಂದು 'ಫಾರ್ಮ್' ಇತ್ತು, ಗುಂಡಿ ಬರಿದುಮಾಡು ಎಂದು ಅದರ ಅರ್ಥ. ಕಕ್ಕಸುಗುಂಡಿ ಬಳಿಯುವವನನ್ನು 'ಗಾಂಗ್ ಫಾರ್ಮರ್' ಎನ್ನುತ್ತಿದ್ದರು. ಪ್ರಭುವಿನ ರೂಪಾಂತರದ ವೃತ್ತಾಂತದಲ್ಲಿ (ಮಾರ್ಕ 9) ಬರುವ 'ಫುಲ್ಲರ್' ಎಂಬವನನ್ನು ಅಗಸ ಎನ್ನಬಹುದು. ಆದರೆ ಇಂಗ್ಲೆಂಡಿನ ಫುಲ್ಲರ್ ಹೊಸದಾಗಿ ನೇಯ್ದ ಉಣ್ಣೆಬಟ್ಟೆಯನ್ನು ನೀರಿನಲ್ಲಿ ತುಳಿದು, ಜಿಡ್ಡು ತೆಗೆದು, ಒತ್ತಾಗಿಸುವವನು. ಹಾಗೆ ತುಳಿಯುವವರಿಂದಲೇ 'ವಾಕರ್' ಎಂಬ ಮನೆತನದ ಹೆಸರೂ ಬಂದಿದೆ.

'ಪರ್ಜ್' ಎಂಬ ಪದಕ್ಕೆ ನ್ಯಾಯಾಲಯದ ಅರ್ಥವೂ ಇತ್ತು. ಆರೋಪಿಯು ತಾನು ನಿರ್ದೋಷಿ ಎಂದು ಆಣೆಯಿಟ್ಟು, ಅವನ ಆಣೆ ನಂಬತಕ್ಕದ್ದೆಂದು ಇತರರೂ ಆಣೆಯಿಟ್ಟರೆ ಕಳಂಕ ತೊಳೆದಂತೆ. ಇದು 'ಕಂಪರ್ಗೇಶನ್'. ಸಿವಿಲ್ ವ್ಯಾಜ್ಯಗಳಲ್ಲಿದ್ದ ಇದರ ರೂಪವನ್ನು ಇಂಗ್ಲೆಂಡ್ 1833ರಲ್ಲಷ್ಟೇ ರದ್ದುಪಡಿಸಿತು.

ಕೊನೆಯದು, ಬಹಳ ತಾಯಂದಿರನ್ನು ನೋಯಿಸಿದ ಪದ: 'ಚರ್ಚಿಂಗ್'. ಬಾಣಂತಿ ಮೊದಲ ಬಾರಿ ದೇವಾಲಯಕ್ಕೆ ಬಂದಾಗ ನಡೆಯುತ್ತಿದ್ದ ವಿಧಿಯಿದು. ಆಂಗ್ಲಿಕನ್ ಸಭೆಯ 1549ರ ಪ್ರಾರ್ಥನಾ ಪುಸ್ತಕ ಇದನ್ನು ಸ್ತ್ರೀಯರ 'ಶುದ್ಧೀಕರಣ' ಎಂದು ಕರೆಯಿತು. 1552ರ ಪುಸ್ತಕ ಅದನ್ನೇ 'ಕೃತಜ್ಞತಾರ್ಪಣೆ' ಎಂದು ತಿದ್ದಿತು. ಕಥೋಲಿಕ ಸಭೆಯ 1614ರ ರೋಮನ್ ವಿಧಿಗ್ರಂಥದಲ್ಲಿಯೂ ಇದು ಹೆರಿಗೆಯ ನಂತರದ ಆಶೀರ್ವಾದವೇ. ತಾಯಿ ಉರಿಯುವ ಮೇಣದಬತ್ತಿ ಹಿಡಿದು ನಿಲ್ಲುತ್ತಿದ್ದಳು, ಗುರುಗಳು ತಮ್ಮ ಸ್ಟೋಲಿನ ತುದಿಯನ್ನು ಅವಳ ಕೈಗಿತ್ತು ಒಳಗೆ ಕರೆದೊಯ್ಯುತ್ತಿದ್ದರು. ಆದರೂ ಬಾಣಂತಿ ಮೈಲಿಗೆಯವಳು ಎಂಬ ಜನರ ನಂಬಿಕೆ ಐರ್ಲೆಂಡ್, ಇಂಗ್ಲೆಂಡ್‌ಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಉಳಿಯಿತು. ಆದುದರಿಂದ ಈ ಪದವನ್ನು ಕನ್ನಡಕ್ಕೆ ತರುವವರು 'ಶುದ್ಧೀಕರಣ' ಎನ್ನದೆ 'ಬಾಣಂತಿಯ ಕೃತಜ್ಞತಾರ್ಪಣೆ' ಎಂದೇ ಬರೆಯಬೇಕೆಂದು ನಾವು ಕೋರುತ್ತೇವೆ. 1969ರ ಶಿಶು ಜ್ಞಾನಸ್ನಾನ ವಿಧಿಯ ಕೊನೆಯಲ್ಲಿ ತಾಯಿಗೆ ಆಶೀರ್ವಾದವಿದೆ, ತಂದೆಗೂ ಇದೆ.