ಸವಾರನ ಕೈ, ಕಾರ್ಖಾನೆಯ ಮುದ್ರೆ

ಕೊಂಡ ವಸ್ತುವನ್ನು ಕೊಂಡ ಹಾಗೆಯೇ ಇಟ್ಟುಕೊಳ್ಳುವುದು ಮನುಷ್ಯನ ಸ್ವಭಾವವಲ್ಲ. ರೈತನು ಎತ್ತಿನ ಕೊಂಬಿಗೆ ಬಣ್ಣ ಬಳಿದು ಹಿತ್ತಾಳೆಯ ಅಣಸು ತೊಡಿಸುತ್ತಾನೆ. ಲಾರಿಯ ಒಡೆಯನು ತನ್ನ ಮನೆದೇವರ ಹೆಸರನ್ನು ಹಣೆಯ ಮೇಲೆ ಬರೆಯಿಸುತ್ತಾನೆ. ಹತ್ತು ಜನರ ಬಳಿ ಇರುವಂಥದೇ ತನ್ನ ಬಳಿಯೂ ಇದ್ದರೂ ಅದು ತನ್ನದೆಂದು ದೂರದಿಂದಲೇ ಗುರುತಾಗಬೇಕೆಂಬ ಆಸೆ ಎಲ್ಲರಿಗೂ ಇದೆ. ಈ ಆಸೆಯೇ ಒಂದು ದೊಡ್ಡ ಕಾರ್ಖಾನೆಯ ದಾರಿಯನ್ನು ತಿರುಗಿಸಿತೆಂದರೆ ಆಶ್ಚರ್ಯವಾಗಬಹುದು. ಅಮೆರಿಕದ ಮೋಟಾರು ಸೈಕಲಿನ ಚರಿತ್ರೆಯಲ್ಲಿ ನಡೆದುದು ಹಾಗೆಯೇ.

ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಮಿಲ್ವಾಕಿ ನಗರದಲ್ಲಿ ವಿಲಿಯಂ ಹಾರ್ಲೆ ಮತ್ತು ಆರ್ಥರ್ ಡೇವಿಡ್ಸನ್ ಎಂಬ ಇಬ್ಬರು ತರುಣರು 1903ರಲ್ಲಿ ಮೋಟಾರು ಸೈಕಲಿನ ಉದ್ಯಮವನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರ ಕಂಪೆನಿಯು ಸೈನ್ಯಕ್ಕಾಗಿ ಸುಮಾರು 90,000 ಬಂಡಿಗಳನ್ನು ಮಾಡಿಕೊಟ್ಟಿತು. ಯುದ್ಧ ಮುಗಿಯಿತು, ಸಿಪಾಯಿಗಳು ಊರಿಗೆ ಮರಳಿದರು, ಸೈನ್ಯಕ್ಕೆ ಬೇಡವಾದ ಬಂಡಿಗಳು ಅಗ್ಗದ ಬೆಲೆಗೆ ಮಾರಾಟಕ್ಕೆ ಬಂದುವು. ಇವು ಗಟ್ಟಿಯಾದ ಬಂಡಿಗಳೇ, ಆದರೆ ಬಲು ಭಾರ. ವೇಗವನ್ನು ಬಯಸಿದ ತರುಣರು ರೆಂಚು, ಗರಗಸಗಳನ್ನು ಹಿಡಿದು ಕುಳಿತರು. ಮುಂದಿನ ಮಡ್‌ಗಾರ್ಡನ್ನು ತೆಗೆದು ಎಸೆದರು. ಹಿಂದಿನದನ್ನು ಗಿಡ್ಡವಾಗಿ ಕತ್ತರಿಸಿದರು. ಅಲಂಕಾರಕ್ಕೆಂದು ಇದ್ದುದನ್ನೆಲ್ಲ ಕಳಚಿದರು. ಹೀಗೆ ಬೋಳಾದ ಬಂಡಿಗೆ 'ಬಾಬರ್' ಎಂದು ಹೆಸರಾಯಿತು.

1960ರ ದಶಕದಲ್ಲಿ ಕ್ಯಾಲಿಫೋರ್ನಿಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಂಡಿಯ ಚೌಕಟ್ಟಿನ ಕತ್ತನ್ನೇ ಕತ್ತರಿಸಿ, ಅದರ ಓರೆಯನ್ನು ಹೆಚ್ಚಿಸಿ, ಪುನಃ ಬೆಸೆದರು. ಮುಂದಿನ ಫೋರ್ಕು ಉದ್ದವಾಯಿತು; ಹ್ಯಾಂಡಲು ಸವಾರನ ಹೆಗಲಿನ ಎತ್ತರಕ್ಕೆ ಏರಿತು. ಕತ್ತರಿಸಿ ಮಾಡಿದ್ದರಿಂದ ಇದು 'ಚಾಪರ್'. ತಿರುವಿನಲ್ಲಿ ಇದನ್ನು ಹೊರಳಿಸುವುದು ಕಷ್ಟ. ಎಷ್ಟೋ ಬಂಡಿಗಳಿಗೆ ಮುಂದಿನ ಬ್ರೇಕು ಸಹ ಇರುತ್ತಿರಲಿಲ್ಲ. ಸವಾರನಿಗೆ ಅದರ ಚಿಂತೆಯಿರಲಿಲ್ಲ. ಅಂಥ ಬಂಡಿ ಲೋಕದಲ್ಲಿ ಒಂದೇ ಒಂದು, ಅದು ಅವನದು.

1969ರಲ್ಲಿ 'ಈಜಿ ರೈಡರ್' ಎಂಬ ಚಲನಚಿತ್ರ ಬಂದಿತು. ಅದರಲ್ಲಿ ನಟ ಪೀಟರ್ ಫೊಂಡ ಸವಾರಿ ಮಾಡಿದ, ಅಮೆರಿಕದ ಧ್ವಜದ ಬಣ್ಣಗಳನ್ನು ಟ್ಯಾಂಕಿನ ಮೇಲೆ ಹೊತ್ತ ಚಾಪರನ್ನು ಕಂಡು ಲೋಕವೇ ಬೆರಗಾಯಿತು. ಅದನ್ನು ಮಾಡಿದವರು ಯಾರು? ರೂಪವನ್ನು ಯೋಚಿಸಿದವನು ಕ್ಲಿಫರ್ಡ್ ವಾಸ್. ಕಟ್ಟಿದವನು ಲಾಸ್ ಏಂಜಲೀಸಿನ ಬೆನ್ ಹಾರ್ಡಿ. ಇಬ್ಬರೂ ಆಫ್ರಿಕ ಮೂಲದ ಅಮೆರಿಕನ್ನರು. ಪೋಲೀಸರು ಓಡಿಸಿ ಹರಾಜಿಗೆ ಹಾಕಿದ್ದ ಹಳೆಯ ಹಾರ್ಲೆ ಬಂಡಿಗಳನ್ನು ಕೊಂಡು ಚಿತ್ರಕ್ಕಾಗಿ ಒಟ್ಟು ನಾಲ್ಕನ್ನು ಸಿದ್ಧಪಡಿಸಿದರು. ಒಂದು ಚಿತ್ರೀಕರಣದಲ್ಲಿ ನಾಶವಾಯಿತು. ಉಳಿದ ಮೂರು ಕಳುವಾದುವು. ಆದರೆ ಚಿತ್ರದ ಹೆಸರುಗಳ ಪಟ್ಟಿಯಲ್ಲಿ ಬಂಡಿ ಕಟ್ಟಿದವರೆಂದು ಇವರಿಬ್ಬರ ಹೆಸರು ಬರಲೇ ಇಲ್ಲ. ಜನ ಬಂಡಿಯನ್ನು ನೆನಪಿಟ್ಟರು, ಕೈಗಳನ್ನು ಮರೆತರು.

ತಾವು ಕಷ್ಟಪಟ್ಟು ಜೋಡಿಸಿದ್ದನ್ನು ಗಿರಾಕಿಗಳು ಕತ್ತರಿಸಿ ಹಾಕುವುದನ್ನು ಯಾವ ಕಾರ್ಖಾನೆಯವರು ತಾನೇ ಮೆಚ್ಚಿಯಾರು? ಆದರೆ ಮಿಲ್ವಾಕಿಯಲ್ಲಿ ಒಬ್ಬನ ಕಣ್ಣು ಬೇರೆಯಾಗಿತ್ತು. ಅವನು ವಿಲ್ಲಿ ಜಿ. ಡೇವಿಡ್ಸನ್, ಸ್ಥಾಪಕರ ಮನೆತನದ ಮೊಮ್ಮಗ. 1963ರಲ್ಲಿ ಕಂಪೆನಿಯ ವಿನ್ಯಾಸ ಶಾಖೆಗೆ ಸೇರಿದ ಇವನು ಸವಾರರ ಕೂಟಗಳಿಗೆ ತಾನೂ ಹೋಗಿ, ಅವರು ಏನನ್ನು ತೆಗೆದಿದ್ದಾರೆ, ಏನನ್ನು ಹಾಕಿದ್ದಾರೆ ಎಂದು ಗಮನಿಸುತ್ತಿದ್ದ. ಅದರ ಫಲವೇ 1971ರ 'ಸೂಪರ್ ಗ್ಲೈಡ್'. ದೊಡ್ಡ ಎಫ್.ಎಲ್. ಬಂಡಿಯ ಚೌಕಟ್ಟು ಮತ್ತು 1,200 ಸಿ.ಸಿ.ಯ ಎಂಜಿನ್ನಿಗೆ ಹಗುರವಾದ ಎಕ್ಸ್.ಎಲ್. ಬಂಡಿಯ ಮುಂಭಾಗವನ್ನು ಅವನು ಸೇರಿಸಿದ. ಎರಡು ಹೆಸರುಗಳಿಂದ ಒಂದೊಂದು ಅಕ್ಷರ ತೆಗೆದು 'ಎಫ್.ಎಕ್ಸ್.' ಎಂದು ಕರೆದರು. ವಿದ್ಯುತ್ ಸ್ಟಾರ್ಟರನ್ನು ಬಿಟ್ಟು, ಕಾಲಿನಿಂದ ಒದ್ದು ಹೊರಡಿಸುವ ಏರ್ಪಾಡನ್ನೇ ಇಟ್ಟರು. ಸವಾರರು ತಮ್ಮ ಶೆಡ್ಡುಗಳಲ್ಲಿ ಮಾಡುತ್ತಿದ್ದುದನ್ನು ಕಾರ್ಖಾನೆಯೇ ಮಾಡಿ ಮಾರಿದ ಮೊದಲ ದೊಡ್ಡ ಪ್ರಯತ್ನವಿದು. ದೋಣಿಯ ಹಿಂಬದಿಯಂತಿದ್ದ ಅದರ ಬಾಲ ಮಾತ್ರ ಜನಕ್ಕೆ ಹಿಡಿಸದೆ, ಬೇಗನೆ ಕೈಬಿಟ್ಟುಹೋಯಿತು.

ಇದೇ ಕಾಲದಲ್ಲಿ ಇಂಗ್ಲೆಂಡಿನ ಬಿ.ಎಸ್.ಎ. ಸಂಸ್ಥೆಯ ಅಮೆರಿಕದ ಶಾಖೆಯವರು, ಇಲಿನಾಯ್ ಸಂಸ್ಥಾನದ ಕ್ರೇಗ್ ವೆಟರ್ ಎಂಬ ತರುಣ ವಿನ್ಯಾಸಕಾರನಿಗೆ ತಮ್ಮ ಮೂರು ಸಿಲಿಂಡರಿನ ಬಂಡಿಯೊಂದನ್ನು ಒಪ್ಪಿಸಿ, ಅಮೆರಿಕನ್ನರು ಮೆಚ್ಚುವಂತೆ ತಿದ್ದಿಕೊಡಲು ಕೇಳಿದರು. ಟ್ಯಾಂಕಿನಿಂದ ಸೀಟಿನ ಕೆಳಗಿನವರೆಗೆ ಒಂದೇ ಹರಿವಿನಲ್ಲಿ ಸಾಗುವ ಹೊದಿಕೆಯನ್ನೂ, ಬಲಮಗ್ಗುಲಲ್ಲಿ ಒಂದರ ಮೇಲೊಂದು ನಿಂತ ಮೂರು ಸೈಲೆನ್ಸರುಗಳನ್ನೂ ಅವನು ರಚಿಸಿದ. ಬಂಡಿ ಮಾರುಕಟ್ಟೆಗೆ ಬರುವ ವೇಳೆಗೆ ಬಿ.ಎಸ್.ಎ. ಮುಳುಗುತ್ತಿತ್ತು. ಆದುದರಿಂದ 'ಟ್ರಯಂಫ್ ಹರಿಕೇನ್' ಎಂಬ ಹೆಸರಿನಲ್ಲಿ ಸುಮಾರು 1,200 ಬಂಡಿಗಳು ಮಾತ್ರ ಹೊರಬಂದುವು.

1977ರಲ್ಲಿ ಹಾರ್ಲೆಯವರು ಎರಡು ಹೊಸ ಬಂಡಿಗಳನ್ನು ತಂದರು. ಸೀಟನ್ನು ತಗ್ಗಿಸಿದ 'ಲೋ ರೈಡರ್' ಚೆನ್ನಾಗಿ ಮಾರಾಟವಾಯಿತು. ಅಡಿಯಿಂದ ಮುಡಿಯವರೆಗೆ ಕಪ್ಪು ಬಳಿದ 'ಎಕ್ಸ್.ಎಲ್.ಸಿ.ಆರ್.' ಅಂಗಡಿಗಳಲ್ಲೇ ಧೂಳು ತಿಂದಿತು. ಮೂರು ಸಾವಿರಕ್ಕೆ ತುಸು ಮೇಲೆ ಮಾಡಿ ನಿಲ್ಲಿಸಿದರು. ಅಂದು ಬೇಡವೆಂದದ್ದನ್ನೇ ಸಂಗ್ರಹಕಾರರು ಮುಂದೆ ಹುಡುಕಿಕೊಂಡು ಹೋದರು. ಕಂಪೆನಿಗೆ ಇದೊಂದು ಪಾಠವಾಗಿರಬೇಕು.

1999ರಲ್ಲಿ ಆ ಪಾಠಕ್ಕೊಂದು ರೂಪ ಬಂದಿತು. ವಿಶೇಷ ಬಂಡಿಗಳಿಗಾಗಿಯೇ 'ಸಿ.ವಿ.ಓ.' ಎಂಬ ಪ್ರತ್ಯೇಕ ಶಾಖೆಯನ್ನು ಕಂಪೆನಿ ತೆರೆಯಿತು. ಸಾಮಾನ್ಯ ಪಟ್ಟಿಯಿಂದ ಆಗಲೇ ಬಿಟ್ಟುಹೋಗಿದ್ದ, ಆದರೆ ಸವಾರರು ಮರೆಯದಿದ್ದ ಎಫ್.ಎಕ್ಸ್.ಆರ್. ಚೌಕಟ್ಟನ್ನು ಮತ್ತೆ ಹೊರತೆಗೆದು, ಕ್ರೋಮಿನ ಹೊಳಪು, ವಿಶೇಷ ಬಣ್ಣಗಳಿಂದ ಸಿಂಗರಿಸಿ, ಎರಡು ಮಾದರಿಗಳಲ್ಲಿ ತಲಾ ಸುಮಾರು 900 ಬಂಡಿಗಳನ್ನು ಮಾತ್ರ ಮಾಡಿದರು. ಮುಂದೆ ಎಂಜಿನ್ನಿನಲ್ಲಿಯೂ ಭೇದ ಬಂದಿತು. 2007ರಲ್ಲಿ ಸಾಮಾನ್ಯವಾದ ದೊಡ್ಡ ಬಂಡಿಗೆ 96 ಘನ ಅಂಗುಲದ ಎಂಜಿನ್ ಇದ್ದರೆ, ಈ ಶಾಖೆಯ ಬಂಡಿಗಳಿಗೆ 110.

ಇಲ್ಲಿ ಒಂದು ಮಾತನ್ನು ಯೋಚಿಸಬೇಕು. ವಿರಳವಾದದ್ದಕ್ಕೆ ಬೆಲೆ ಹೆಚ್ಚೆಂಬುದು ಹಳೆಯ ಮಾತು. ಆದರೆ ವಿರಳತೆ ಎಲ್ಲ ಕಡೆಯೂ ಒಂದೇ ಬಗೆಯದಲ್ಲ. ಹಾರ್ಡಿಯ ಬಂಡಿ ವಿರಳವಾದುದು, ಅದನ್ನು ಕೈಯಿಂದ ಮಾಡಬೇಕಾಗಿದ್ದುದರಿಂದ. ಹರಿಕೇನ್ ವಿರಳವಾದುದು, ಮಾಡುವ ಮನೆಯೇ ಮುರಿದುದರಿಂದ. ಎಕ್ಸ್.ಎಲ್.ಸಿ.ಆರ್. ವಿರಳವಾದುದು, ಕೊಳ್ಳುವವರು ಬಾರದೆ ಹೋದುದರಿಂದ. 1999ರ ಬಂಡಿಗಳಾದರೋ ವಿರಳವಾದುವು, ಇಷ್ಟೇ ಸಾಕೆಂದು ಮೊದಲೇ ತೀರ್ಮಾನಿಸಿದ್ದರಿಂದ. ಮೊದಲಿನ ಮೂರು ತಾವಾಗಿ ಒದಗಿದ ವಿರಳತೆ. ಕೊನೆಯದು ಅಳತೆಯಿಟ್ಟು ತಯಾರಿಸಿದ್ದು.

ಇದರಲ್ಲಿ ತಪ್ಪೇನೂ ಇಲ್ಲ. ಕಾರ್ಖಾನೆಯ ಕೆಲಸ ಅಚ್ಚುಕಟ್ಟು. ಬ್ರೇಕು ಹಿಡಿಯುತ್ತದೆ, ಬೆಸುಗೆ ಬಿಡುವುದಿಲ್ಲ. ಗರಗಸ ಹಿಡಿಯಲು ಬಿಡುವಿಲ್ಲದವನಿಗೂ ತನ್ನದೆಂಬ ಬಂಡಿ ದೊರೆಯುತ್ತದೆ. ಆದರೂ ಹಣ ಕೊಟ್ಟು ಕೊಂಡ 'ತನ್ನತನ'ವನ್ನು ಇನ್ನು 899 ಜನರೊಡನೆ ಹಂಚಿಕೊಳ್ಳಬೇಕಾಗುತ್ತದೆ.

ವಿಲ್ಲಿ ಜಿ.ಯ ಹೆಸರನ್ನು ಕಂಪೆನಿ ಉಳಿಸಿತು. ವೆಟರನ ಹೆಸರನ್ನು ಅವನ ಬಂಡಿ ಉಳಿಸಿತು. ಹಾರ್ಡಿ 1994ರಲ್ಲಿ ತೀರಿಕೊಂಡ, ವಾಸ್ 2016ರಲ್ಲಿ. ಅವರ ಕೆಲಸವನ್ನು ಲೋಕವು ವಿಶೇಷವಾಗಿ ನೆನೆಯತೊಡಗಿದ್ದು ತಡವಾಗಿ. ಹೊಳೆಯುವ ಕ್ರೋಮಿನ ಬಂಡಿಯೊಂದು ಕಾರ್ಖಾನೆಯ ಮುದ್ರೆ ಹೊತ್ತು ಕಣ್ಣಿಗೆ ಬಿದ್ದಾಗ, ಹಳೆಯ ಪೋಲೀಸು ಬಂಡಿಯ ಕತ್ತನ್ನು ಕತ್ತರಿಸಿ ಬೆಸೆದ ಆ ಇಬ್ಬರನ್ನು ಒಮ್ಮೆ ನೆನೆಯುವುದು ನ್ಯಾಯ.