ಆರ್.ಎಸ್.ವಿ. ವೈರಾಣುವಿನ ಮೇಲ್ಮೈ ಪ್ರೋಟೀನುಗಳು ಮತ್ತು ಟಿ-ಜೀವಕೋಶಗಳು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್ (ಆರ್.ಎಸ್.ವಿ.) ಎಂಬುದು ಶ್ವಾಸನಾಳ ಹಾಗೂ ಶ್ವಾಸಕೋಶಗಳಿಗೆ ಸೋಂಕು ತರುವ ವೈರಾಣುವಾಗಿರುತ್ತದೆ. 1956ರಲ್ಲಿ ಅಮೆರಿಕದಲ್ಲಿ ನೆಗಡಿಗೊಳಗಾಗಿದ್ದ ಚಿಂಪಾಂಜಿಗಳಲ್ಲಿ ಇದನ್ನು ಮೊದಲು ಗುರುತಿಸಲಾಯಿತು. ಎರಡು ವರ್ಷ ತುಂಬುವುದರೊಳಗೆ ಬಹುತೇಕ ಎಲ್ಲ ಮಕ್ಕಳಿಗೂ ಈ ಸೋಂಕು ಒಮ್ಮೆಯಾದರೂ ತಗುಲುತ್ತದೆ. ಹೆಚ್ಚಿನವರಲ್ಲಿ ಇದು ಸಾಮಾನ್ಯ ನೆಗಡಿಯಾಗಿ ಮುಗಿಯುತ್ತದೆ. ಎಳೆಯ ಶಿಶುಗಳಲ್ಲಿ ಮತ್ತು ಅವಧಿಗೆ ಮುನ್ನ ಜನಿಸಿದವರಲ್ಲಿ ತೀವ್ರ ಉಸಿರಾಟದ ತೊಂದರೆ ಹಾಗೂ ನ್ಯುಮೋನಿಯಾಕ್ಕೆ ಕಾರಣವಾಗಬಹುದು.

ಇಷ್ಟು ಸಾಮಾನ್ಯವಾದ ರೋಗಕ್ಕೆ ಶಿಶುಗಳಿಗೆ ನೇರವಾಗಿ ನೀಡುವ ಲಸಿಕೆ ಏಕೆ ಇಲ್ಲ ಎಂಬ ಪ್ರಶ್ನೆ ಪೋಷಕರಲ್ಲಿ ಸಹಜವಾಗಿ ಮೂಡುತ್ತದೆ. ಇದರ ಉತ್ತರವು ವೈರಾಣುವಿನ ಮೇಲ್ಮೈಯಲ್ಲಿರುವ ಪ್ರೋಟೀನುಗಳಿಗೆ ಸಂಬಂಧಿಸಿದೆ.

2. ಮೇಲ್ಮೈ ಪ್ರೋಟೀನುಗಳು

ಈ ವೈರಾಣುವಿನ ಹೊರಕವಚದಲ್ಲಿ ಎರಡು ಪ್ರಮುಖ ಪ್ರೋಟೀನುಗಳಿರುತ್ತವೆ.

(ಅ) ಜಿ ಪ್ರೋಟೀನ್: ವೈರಾಣುವು ಶ್ವಾಸನಾಳದ ಜೀವಕೋಶಕ್ಕೆ ಅಂಟಿಕೊಳ್ಳಲು ನೆರವಾಗುತ್ತದೆ.
(ಆ) ಎಫ್ ಪ್ರೋಟೀನ್: ವೈರಾಣುವಿನ ಕವಚವನ್ನು ಜೀವಕೋಶದ ಪೊರೆಯೊಂದಿಗೆ ಬೆಸೆದು, ಒಳಪ್ರವೇಶಕ್ಕೆ ದಾರಿ ಮಾಡಿಕೊಡುತ್ತದೆ. ಬೆಸೆಯುವ ಮುನ್ನ ಇದಕ್ಕೆ ಒಂದು ಆಕಾರ, ಬೆಸೆದ ನಂತರ ಮತ್ತೊಂದು ಆಕಾರವಿರುತ್ತದೆ.

3. ಟಿ-ಜೀವಕೋಶಗಳ ಪಾತ್ರ

ಟಿ-ಜೀವಕೋಶಗಳು ರಕ್ತದ ಬಿಳಿಕಣಗಳ ಒಂದು ವಿಧ. ಇವುಗಳಲ್ಲಿ ಕೆಲವು ಸೋಂಕಿಗೊಳಗಾದ ಜೀವಕೋಶಗಳನ್ನು ನೇರವಾಗಿ ನಾಶಪಡಿಸುತ್ತವೆ. 'ಸಹಾಯಕ' ಟಿ-ಜೀವಕೋಶಗಳು ಇತರ ಕೋಶಗಳಿಗೆ ಸೂಚನೆ ನೀಡುತ್ತವೆ. ಈ ಸೂಚನೆಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು (ಟಿ.ಎಚ್.-1) ವೈರಾಣುವನ್ನು ನಿವಾರಿಸಲು ಅನುಕೂಲವಾದದ್ದು. ಎರಡನೆಯದು (ಟಿ.ಎಚ್.-2) ಅಲರ್ಜಿ ಮತ್ತು ಉಬ್ಬಸದಲ್ಲಿ ಕಂಡುಬರುವಂತಹುದು, ಇದು ಇಯೋಸಿನೋಫಿಲ್ ಎಂಬ ಬಿಳಿಕಣಗಳನ್ನು ಶ್ವಾಸಕೋಶಕ್ಕೆ ಕರೆತರುತ್ತದೆ.

ಪ್ರಯೋಗಾಲಯದ ಇಲಿಗಳಲ್ಲಿ ನಡೆದ ಅಧ್ಯಯನಗಳಲ್ಲಿ, ಜಿ ಪ್ರೋಟೀನನ್ನು ಮಾತ್ರ ಮೊದಲು ಪರಿಚಯಿಸಿ ನಂತರ ಸೋಂಕು ತಗುಲಿಸಿದಾಗ ಎರಡನೆಯ ಬಗೆಯ ಪ್ರತಿಕ್ರಿಯೆ ಪ್ರಬಲವಾಯಿತು. ಎಫ್ ಪ್ರೋಟೀನನ್ನು ಪರಿಚಯಿಸಿದಾಗ ಮೊದಲನೆಯ ಬಗೆಯ ಪ್ರತಿಕ್ರಿಯೆಯೊಂದಿಗೆ ಸೋಂಕಿತ ಕೋಶಗಳನ್ನು ನಾಶಪಡಿಸುವ ಟಿ-ಜೀವಕೋಶಗಳೂ ಎಚ್ಚೆತ್ತವು. ಹೀಗೆ ಎಚ್ಚೆತ್ತ ನಾಶಕ ಟಿ-ಜೀವಕೋಶಗಳು ಎರಡನೆಯ ಬಗೆಯ ಪ್ರತಿಕ್ರಿಯೆಯನ್ನು ಹತೋಟಿಯಲ್ಲಿಡುವುದೂ ಕಂಡುಬಂದಿತು. ಅಂದರೆ, ವೈರಾಣು ಒಂದೇ ಆದರೂ, ಅದರ ಯಾವ ಭಾಗದ ಪರಿಚಯ ಮೊದಲು ಆಗುತ್ತದೆ ಎಂಬುದರ ಮೇಲೆ ದೇಹದ ಪ್ರತಿಕ್ರಿಯೆಯ ಸ್ವರೂಪವು ಅವಲಂಬಿಸಿರುತ್ತದೆ.

4. 1966–67ರ ಲಸಿಕಾ ಪ್ರಯೋಗ

ಅಮೆರಿಕದಲ್ಲಿ 1966–67ರಲ್ಲಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಆರ್.ಎಸ್.ವಿ. ಲಸಿಕೆಯನ್ನು ಶಿಶುಗಳಿಗೆ ಪ್ರಾಯೋಗಿಕವಾಗಿ ನೀಡಲಾಯಿತು. ಮುಂದೆ ನೈಸರ್ಗಿಕ ಸೋಂಕು ತಗುಲಿದಾಗ, ಲಸಿಕೆ ಪಡೆದಿದ್ದ ಶಿಶುಗಳ ಪೈಕಿ ಶೇ. 80ರಷ್ಟು ಆಸ್ಪತ್ರೆಗೆ ದಾಖಲಾಗಬೇಕಾಯಿತು. ಬೇರೊಂದು ವೈರಾಣುವಿನ ಲಸಿಕೆ ಪಡೆದಿದ್ದ ಶಿಶುಗಳಲ್ಲಿ ಈ ಪ್ರಮಾಣ ಶೇ. 5ರಷ್ಟಿತ್ತು. ಆರ್.ಎಸ್.ವಿ. ಲಸಿಕೆ ಪಡೆದಿದ್ದ ಇಬ್ಬರು ಶಿಶುಗಳು ಮೃತಪಟ್ಟರು.

ಆ ಲಸಿಕೆಯಿಂದ ಪ್ರತಿಕಾಯಗಳು ಉತ್ಪತ್ತಿಯಾಗಿದ್ದರೂ ಅವು ವೈರಾಣುವನ್ನು ತಡೆಯಲು ಸಮರ್ಥವಾಗಿರಲಿಲ್ಲ. ನಾಶಕ ಟಿ-ಜೀವಕೋಶಗಳು ಎಚ್ಚೆತ್ತಿರಲಿಲ್ಲ. ಪ್ರಾಣಿಗಳಲ್ಲಿ ಈ ಲಸಿಕೆಯು ಟಿ.ಎಚ್.-2 ಪ್ರತಿಕ್ರಿಯೆಯನ್ನು ಪ್ರಚೋದಿಸುವುದು ಮುಂದೆ ದೃಢಪಟ್ಟಿತು. ಇದಕ್ಕೆ ಜಿ ಪ್ರೋಟೀನ್ ಒಂದೇ ಕಾರಣವೆಂದು ಭಾವಿಸತಕ್ಕದ್ದಲ್ಲ. ಜಿ ಪ್ರೋಟೀನ್ ಇಲ್ಲದ ವೈರಾಣುವನ್ನು ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಬಳಸಿದಾಗಲೂ ಪ್ರಾಣಿಗಳಲ್ಲಿ ರೋಗವು ಉಲ್ಬಣಿಸಿತು. ಫಾರ್ಮಲಿನ್‌ನಿಂದ ಪ್ರೋಟೀನುಗಳಲ್ಲಾಗುವ ಮಾರ್ಪಾಡು ಮತ್ತು ಎಫ್ ಪ್ರೋಟೀನಿನ ಮೂಲ ಆಕಾರ ನಷ್ಟವಾಗುವುದು ಸಹ ಕಾರಣಗಳಾಗಿವೆ.

5. ಪ್ರಸ್ತುತ ಲಭ್ಯವಿರುವ ರಕ್ಷಣೆ

2013ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ವಿಜ್ಞಾನಿಗಳು ಎಫ್ ಪ್ರೋಟೀನನ್ನು ಬೆಸೆಯುವ ಮುನ್ನಿನ ಆಕಾರದಲ್ಲಿಯೇ ಸ್ಥಿರಗೊಳಿಸುವ ವಿಧಾನವನ್ನು ಪ್ರಕಟಿಸಿದರು. ಇದರ ಆಧಾರದ ಮೇಲೆ ಸಿದ್ಧಪಡಿಸಿದ ಲಸಿಕೆಗಳಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಅವು ಈ ಕೆಳಕಂಡವರಿಗೆ ಉದ್ದೇಶಿತವಾಗಿದ್ದವು:

(ಅ) 60 ವರ್ಷ ಮತ್ತು ಮೇಲ್ಪಟ್ಟ ವಯಸ್ಸಿನವರು.
(ಆ) 32ರಿಂದ 36 ವಾರಗಳ ಗರ್ಭಿಣಿಯರು. ತಾಯಿಯ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ತಲುಪುತ್ತವೆ.

ಇದಲ್ಲದೆ, ನಿರ್ಸೆವಿಮ್ಯಾಬ್ ಎಂಬ ಸಿದ್ಧ ಪ್ರತಿಕಾಯವನ್ನು ಶಿಶುಗಳಿಗೆ ಚುಚ್ಚುಮದ್ದಿನ ಮೂಲಕ ನೀಡುವ ವಿಧಾನವೂ ಇದೆ. ಗರ್ಭಿಣಿಯರ ಲಸಿಕೆ ಹಾಗೂ ಸಿದ್ಧ ಪ್ರತಿಕಾಯ ಇವೆರಡರಲ್ಲಿಯೂ ಮಗುವಿಗೆ ದೊರೆಯುವುದು ಪ್ರತಿಕಾಯ ಮಾತ್ರ. ಮಗುವಿನ ಟಿ-ಜೀವಕೋಶಗಳನ್ನು ಲಸಿಕೆಯು ತಪ್ಪು ದಾರಿಗೆ ಒಯ್ಯುವ ಸಂಭವವಿರುವುದಿಲ್ಲ. ಶಿಶುಗಳಿಗೇ ನೀಡುವ ಲಸಿಕೆಗಳ ಪರೀಕ್ಷೆಯಲ್ಲಿ, ಪ್ರತಿಕಾಯಗಳ ಪ್ರಮಾಣದೊಂದಿಗೆ ಟಿ-ಜೀವಕೋಶಗಳ ಪ್ರತಿಕ್ರಿಯೆಯ ಬಗೆಯನ್ನೂ ಪರಿಶೀಲಿಸುವುದು ಈ ಕಾರಣದಿಂದ ಅವಶ್ಯಕವಾಗಿದೆ.

6. ಪೋಷಕರ ಗಮನಕ್ಕೆ

ಮೇಲ್ಕಂಡ ಪ್ರಯೋಗದ ಲಸಿಕೆಯು ಸಾರ್ವಜನಿಕ ಬಳಕೆಗೆ ಬಂದಿರುವುದಿಲ್ಲ. ಅದನ್ನು ಕಾರಣವಾಗಿಟ್ಟುಕೊಂಡು ಮಕ್ಕಳ ಇತರ ಲಸಿಕೆಗಳನ್ನು ತಪ್ಪಿಸಬಾರದು.

ಕೆಳಕಂಡ ಯಾವುದೇ ಲಕ್ಷಣ ಕಂಡುಬಂದಲ್ಲಿ ಮಗುವನ್ನು ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು:

• ವೇಗದ ಉಸಿರಾಟ (ನಿಮಿಷಕ್ಕೆ, 2 ತಿಂಗಳೊಳಗಿನ ಶಿಶುವಿನಲ್ಲಿ 60 ಅಥವಾ ಹೆಚ್ಚು, 2ರಿಂದ 12 ತಿಂಗಳವರೆಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದವರೆಗೆ 40 ಅಥವಾ ಹೆಚ್ಚು)
• ಉಸಿರೆಳೆದುಕೊಳ್ಳುವಾಗ ಪಕ್ಕೆಯ ಕೆಳಭಾಗ ಒಳಸೇದುವುದು
• ಹಾಲು ಕುಡಿಯದಿರುವುದು, ತುಟಿ ನೀಲಿಗಟ್ಟುವುದು, ಉಸಿರು ನಡುನಡುವೆ ನಿಲ್ಲುವುದು

ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡಬಹುದು. ಮನೆಯಲ್ಲಿ ನೆಗಡಿ, ಕೆಮ್ಮು ಇರುವವರು ಸೋಪಿನಿಂದ ಕೈ ತೊಳೆದುಕೊಳ್ಳುವುದು ಮತ್ತು ಎಳೆಯ ಶಿಶುವಿನಿಂದ ದೂರವಿರುವುದು ಸೂಕ್ತ.